ಮಂಗಳೂರಿಗೆ ಬರುವುದಾದರೆ ಎರಡು ದಿನ ಇಟ್ಟುಕೊಂಡು ಬನ್ನಿ

ಮಂಗಳೂರಿನ ಸಿಟಿ ಬಸ್ಸು ಹತ್ತಿದ ಹೊರಗಿನವರಿಗೆ ಮೊದಲ ಗೊಂದಲ ಆಗುವುದು ಕಂಡಕ್ಟರನಿಂದ. ಬಾಗಿಲಲ್ಲಿ ಒಂದು ಕಾಲೂರಿ ನಿಂತು ಅವನು "ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್" ಎಂದು ಒಂದೇ ಉಸಿರಿನಲ್ಲಿ ಕೂಗುತ್ತಾನೆ. ಶಾಲೆಯ ಮಕ್ಕಳು, ಕೈಚೀಲ ಹಿಡಿದ ಹೆಂಗಸರು, ಮೀನು ಮಾರಿ ಖಾಲಿ ಬುಟ್ಟಿ ಹೊತ್ತವರು ಎಲ್ಲರೂ ಹತ್ತುತ್ತಾರೆ. ಇಷ್ಟೊಂದು ಜನ ಒಟ್ಟಿಗೆ ಬ್ಯಾಂಕಿಗೆ ಯಾಕೆ ಹೋಗುತ್ತಿದ್ದಾರೆ ಎಂದು ಬಯಲುಸೀಮೆಯಿಂದ ಬಂದ ನನ್ನ ನೆಂಟರೊಬ್ಬರು ಗಾಬರಿಯಿಂದ ಕೇಳಿದ್ದರು. ಸ್ಟೇಟ್‌ಬ್ಯಾಂಕ್ ಎಂದರೆ ನಮ್ಮಲ್ಲಿ ಬ್ಯಾಂಕಲ್ಲ, ಸಿಟಿ ಬಸ್ಸುಗಳೆಲ್ಲ ಬಂದು ಸೇರುವ ನಿಲ್ದಾಣ. ಎದುರಿಗೆ ಆ ಬ್ಯಾಂಕಿನ ಕಟ್ಟಡ ಇದ್ದದ್ದರಿಂದ ಬಂದ ಹೆಸರು. ಎಲ್ಲಿ ದಾರಿ ತಪ್ಪಿದರೂ "ಸ್ಟೇಟ್‌ಬ್ಯಾಂಕ್" ಎಂದು ಬರೆದ ಬಸ್ಸು ಹತ್ತಿ, ಊರಿನ ನಡುವಿಗೆ ಬಂದು ಇಳಿಯುತ್ತೀರಿ. ಇದು ನನ್ನ ಮೊದಲ ಸಲಹೆ.

ನಾನೂ ಬ್ಯಾಂಕಿನವನೇ. ಮೂವತ್ತಾರು ವರ್ಷ ಗುಮಾಸ್ತನಾಗಿದ್ದೆ, ಆ ಬ್ಯಾಂಕಿನಲ್ಲಲ್ಲ. ನಿವೃತ್ತನಾದ ಮೇಲೆ ಊರಿಗೆ ಬಂದವರನ್ನು ಸುತ್ತಾಡಿಸುವ ಕೆಲಸ ತಾನಾಗಿಯೇ ನನ್ನ ಪಾಲಿಗೆ ಬಂದಿದೆ. ಇಷ್ಟು ವರ್ಷ ನೋಡಿದ್ದರಲ್ಲಿ ನನಗೊಂದು ತಕರಾರಿದೆ. ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ, ಕೊಲ್ಲೂರು ಎಂದು ಹೊರಟವರು ಮಂಗಳೂರಿಗೆ ಕೊಡುವುದು ಅರ್ಧ ದಿನ. ಒಂದು ಮಾಲು, ಒಂದು ಬೀಚು, ಒಂದು ಗಡ್‌ಬಡ್ ಐಸ್‌ಕ್ರೀಮು. ಮರುದಿನ ಶಾಲೆಯಲ್ಲಿ ಮೇಷ್ಟ್ರು ಕೇಳಿದರೆ ಮಗು "ಮಂಗಳೂರಿನಲ್ಲಿ ತುಂಬಾ ಸೆಕೆ ಸಾರ್" ಎನ್ನುತ್ತದೆ. ಸೆಕೆ ನಿಜ. ಆದರೆ ಈ ಊರನ್ನು ನೋಡುವ ಬಗೆ ಬೇರೆ ಇದೆ. ಇದು ಬಂದರಿನ ಊರು. ಹಂಚು, ಅಚ್ಚುಮೊಳೆ, ಚರ್ಚಿನ ಚಿತ್ರ, ಬ್ಯಾಂಕು ಎಲ್ಲವೂ ಇಲ್ಲಿಗೆ ನೀರಿನ ಕಡೆಯಿಂದ ಬಂದವು, ಇಲ್ಲವೇ ನೀರಿನ ಕಡೆಗೆ ಹೋದವು. ಆದ್ದರಿಂದ ನೀರಿನ ಬದಿಯಿಂದ ಶುರುಮಾಡಿ ಮೆಲ್ಲಗೆ ಗುಡ್ಡೆ ಹತ್ತಬೇಕು. ಅದಕ್ಕೆ ಎರಡು ದಿನ ಬೇಕು.

ಯಾವಾಗ, ಹೇಗೆ ಬರಬೇಕು

ನವೆಂಬರಿನಿಂದ ಫೆಬ್ರವರಿ ತನಕ ಒಳ್ಳೆಯ ಕಾಲ. ಬಿಸಿಲು ಇರುತ್ತದೆ, ಬೆಳಗ್ಗೆ ಸಂಜೆ ತಂಪು. ಏಪ್ರಿಲ್, ಮೇ ತಿಂಗಳ ಬೇಸಿಗೆ ರಜೆಯಲ್ಲೇ ಬರುವವರು ಹೆಚ್ಚು, ಮಕ್ಕಳ ಶಾಲೆ ಇರುವುದರಿಂದ ಬೇರೆ ದಾರಿಯಿಲ್ಲ. ಹಾಗಿದ್ದರೆ ಬೆಳಗ್ಗೆ ಹತ್ತೂವರೆಯ ಒಳಗೆ ಒಂದು ಸುತ್ತು, ಸಂಜೆ ನಾಲ್ಕರ ಮೇಲೆ ಇನ್ನೊಂದು ಸುತ್ತು. ನಡುವೆ ಊಟ, ನಿದ್ದೆ. ಇಲ್ಲಿ ಬಿಸಿಲಿಗಿಂತ ಗಾಳಿಯ ತೇವ ಕಾಡುವುದು. ಬೆವರು ಆರುವುದೇ ಇಲ್ಲ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವ ನನ್ನ ವಯಸ್ಸಿನವರು ಕೊಡೆ ಹಿಡಿಯಲು ನಾಚಬಾರದು. ಜೂನಿನಿಂದ ಸೆಪ್ಟೆಂಬರ್ ಮಳೆ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಸುರಿಯುವ ಊರು ಇದು. ಮಳೆ ನೋಡಲೆಂದೇ ಬರುವುದಾದರೆ ಬನ್ನಿ, ಆದರೆ ಆಗ ಸಮುದ್ರವನ್ನು ದೂರದಿಂದ ನೋಡಬೇಕು.

ಬೆಂಗಳೂರಿನಿಂದ ಬರುವವರು ಸಾಧ್ಯವಾದರೆ ಹಗಲು ರೈಲಿನಲ್ಲಿ ಬನ್ನಿ, ಓಡುವ ದಿನ ಮೊದಲೇ ನೋಡಿಕೊಳ್ಳಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ ಸುಮಾರು 55 ಕಿಲೋಮೀಟರ್ ಘಟ್ಟ ಇಳಿಯುವಾಗ 57 ಸುರಂಗಗಳು ಸಿಗುತ್ತವೆ. ಮಕ್ಕಳಿಗೆ ಎಣಿಸಲು ಹೇಳಿ. ಇನ್ನು ಮಂಗಳೂರಿನಲ್ಲಿ ಎರಡು ದೊಡ್ಡ ನಿಲ್ದಾಣಗಳಿವೆ. ಊರಿನೊಳಗೆ ಇರುವುದು ಮಂಗಳೂರು ಸೆಂಟ್ರಲ್, ಪಡೀಲ್ ಕಡೆಗೆ ಇರುವುದು ಮಂಗಳೂರು ಜಂಕ್ಷನ್. ಮುಂಬಯಿಯಿಂದ ಕೇರಳಕ್ಕೆ ಹೋಗುವ ರೈಲುಗಳು ಸಾಮಾನ್ಯವಾಗಿ ಜಂಕ್ಷನ್ನಿನಲ್ಲಿ ಮಾತ್ರ ನಿಲ್ಲುತ್ತವೆ. ಹಿಂದಿರುಗುವಾಗ ಒಂದು ನಿಲ್ದಾಣಕ್ಕೆ ಟಿಕೆಟು ಮಾಡಿಸಿ ಇನ್ನೊಂದರಲ್ಲಿ ಕಾಯುತ್ತ ಕುಳಿತವರನ್ನು ಎಷ್ಟೋ ಸಲ ಕಂಡಿದ್ದೇನೆ. ಟಿಕೆಟಿನ ಮೇಲಿನ ಹೆಸರನ್ನು ಎರಡು ಸಲ ಓದಿ.

ಧಕ್ಕೆಯ ಬೆಳಗು

ಮೊದಲ ದಿನ ಬೇಗ ಏಳಿ. ಆರು ಗಂಟೆಗೆಲ್ಲ ಧಕ್ಕೆಯಲ್ಲಿರಬೇಕು. ಧಕ್ಕೆ ಎಂದರೆ ಮೀನುಗಾರಿಕೆಯ ಬಂದರು. ಸ್ಟೇಟ್‌ಬ್ಯಾಂಕಿನಿಂದ ನಡೆದೇ ಹೋಗಬಹುದು. ರಾತ್ರಿಯೆಲ್ಲ ಕಡಲಲ್ಲಿದ್ದ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಬಂಗುಡೆ, ಬೂತಾಯಿ, ಅಂಜಲ್, ಕಾಣೆ, ಮಾಂಜಿ, ಸಿಗಡಿ ರಾಶಿರಾಶಿಯಾಗಿ ಇಳಿಯುತ್ತವೆ. ಏಲಂ ಕೂಗುವವರ ವೇಗ ನಮ್ಮ ಕಿವಿಗೆ ಸಿಗುವುದಿಲ್ಲ. ಆದರೆ ಕೊಳ್ಳುವ ಹೆಂಗಸರ ಮುಖ ನೋಡಿ. ಕಣ್ಣಿನ ಒಂದು ಮೂಲೆಯಲ್ಲಿ ದರ ಒಪ್ಪಿಬಿಟ್ಟಿರುತ್ತಾರೆ. ಬಾಯಲ್ಲಿ ಲೆಕ್ಕ ಮಾಡುವುದರಲ್ಲಿ ಅವರನ್ನು ಮೀರಿಸಿದ ಗುಮಾಸ್ತನನ್ನು ನಾನು ಕಂಡಿಲ್ಲ.

ರಬ್ಬರ್ ಚಪ್ಪಲಿ ಹಾಕಿಕೊಂಡು ಹೋಗಿ, ನೆಲವೆಲ್ಲ ಒದ್ದೆ, ಜಾರುತ್ತದೆ. ಅಜ್ಜ ಅಜ್ಜಿಯಂದಿರು ಮೊಮ್ಮಕ್ಕಳ ಕೈ ಹಿಡಿದಿರಲಿ. ಯಾರು ಯಾರಿಗೆ ಆಸರೆ ಎಂಬ ಪ್ರಶ್ನೆ ಬೇಡ. ಅವರು ಕೆಲಸದಲ್ಲಿರುತ್ತಾರೆ, ನಡುದಾರಿಯಲ್ಲಿ ನಿಂತು ಫೋಟೊ ತೆಗೆಯಬೇಡಿ. "ಅಕ್ಕ, ಒಂದು ಫೋಟೊ ತೆಗೆಯಲಾ?" ಎಂದು ಕೇಳಿದರೆ ಯಾರೂ ಬೇಡವೆನ್ನುವುದಿಲ್ಲ. ಮೀನು ತಿನ್ನದವರೂ ಹೋಗಬಹುದು, ಮೂಗಿಗೆ ಐದು ನಿಮಿಷ ಕಷ್ಟ, ಆಮೇಲೆ ಅಭ್ಯಾಸವಾಗುತ್ತದೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಮಾತ್ರ ಇಲ್ಲಿ ಈ ಗದ್ದಲವಿಲ್ಲ. ಮೀನು ಮರಿ ಮಾಡುವ ಕಾಲವೆಂದು ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ.

ನಮ್ಮ ಶಾಖೆ ಈ ಬಂದರಿನ ಹತ್ತಿರವೇ ಇತ್ತು. ಕ್ಯಾಶ್ ಕೌಂಟರಿನಲ್ಲಿ ಕುಳಿತವನಿಗೆ ನೋಟು ಮುಟ್ಟಿದ ಕೂಡಲೇ ಹಣ ಎಲ್ಲಿಂದ ಬಂತೆಂದು ತಿಳಿಯುತ್ತಿತ್ತು. ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡು ಉಪ್ಪಿನ ವಾಸನೆ ಬಂದರೆ ಧಕ್ಕೆಯದು. ಅಂಚಿಗೆ ಕೆಂಪು ಹುಡಿ ಹತ್ತಿದ್ದರೆ ಹಂಚಿನ ಕಾರ್ಖಾನೆಯದು. ಎಣ್ಣೆಯ ಘಾಟು ಇದ್ದರೆ ಗೇರುಬೀಜದ್ದು. ಮಳೆಗಾಲದಲ್ಲಿ ಮೀನಿನ ನೋಟುಗಳನ್ನು ಮೇಜಿನ ಮೇಲೆ ಹರಡಿ, ಫ್ಯಾನ್ ಹಾಕಿ, ಮೇಲೆ ಲೆಡ್ಜರು ಇಟ್ಟು ಒಣಗಿಸುತ್ತಿದ್ದೆವು. ಈಗ ಮೀನು ಮಾರುವ ಅಕ್ಕಂದಿರ ಬುಟ್ಟಿಯ ಪಕ್ಕದಲ್ಲೂ ಕ್ಯುಆರ್ ಕೋಡಿನ ಚೀಟಿ ಇದೆ. ಹಣಕ್ಕೆ ವಾಸನೆಯೇ ಇಲ್ಲವಾಗಿದೆ.

ಧಕ್ಕೆಗೆ ತಾಗಿಕೊಂಡೇ ಹಳೆ ಬಂದರು. ಇದು ಸಮುದ್ರದ ಮೇಲಲ್ಲ, ಗುರುಪುರ ನದಿಯ ದಡದಲ್ಲಿದೆ. ತೆಂಕಣದಿಂದ ನೇತ್ರಾವತಿ, ಬಡಗಿನಿಂದ ಗುರುಪುರ ನದಿ ಬಂದು ಕೂಡಿ ಅಳಿವೆಯಲ್ಲಿ ಕಡಲು ಸೇರುತ್ತವೆ. ನದಿಗಳು ಕೂಡುವ ಜಾಗವಾದ್ದರಿಂದ ತುಳುವಿನಲ್ಲಿ ಈ ಊರಿಗೆ ಕುಡ್ಲ ಎಂದು ಹೆಸರು ಬಂತೆನ್ನುತ್ತಾರೆ. ಕೊಂಕಣಿಯವರಿಗೆ ಇದು ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ, ಮಲಯಾಳಿಗಳಿಗೆ ಮಂಗಲಾಪುರಂ. ಒಂದು ಊರಿಗೆ ಇಷ್ಟು ಹೆಸರಿದ್ದರೆ ಅಷ್ಟು ಬಗೆಯ ಜನ ಅದನ್ನು ತಮ್ಮದೆಂದುಕೊಂಡಿದ್ದಾರೆ ಎಂದರ್ಥ. ಹಳೆ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳು ನಿಂತಿರುತ್ತವೆ. ಮಂಜಿ ಎಂದರೆ ಸರಕು ಸಾಗಿಸುವ ಮರದ ಹಡಗು. ಅಕ್ಕಿ, ಈರುಳ್ಳಿ, ತರಕಾರಿ, ಸಿಮೆಂಟು, ಜಲ್ಲಿ ಎಲ್ಲ ತುಂಬುತ್ತಾರೆ. ದ್ವೀಪದಲ್ಲಿ ತೆಂಗು ಬೆಳೆಯುತ್ತದೆ, ಬೆಂಡೆ ಬದನೆಗೆ ಸಾಕಷ್ಟು ನೆಲವಿಲ್ಲ. ಅಲ್ಲಿಯ ಮಕ್ಕಳ ಸಾರಿಗೆ ಬೀಳುವ ತರಕಾರಿ ಇಲ್ಲಿಂದ ಹಡಗು ಹತ್ತಿ ಹೋಗುತ್ತದೆ.

ಇಲ್ಲಿ ನಿಂತು ಮಕ್ಕಳಿಗೆ ಹೇಳಬೇಕಾದ ಒಂದು ಕಥೆಯಿದೆ. ಕಥೆಯಲ್ಲ, ನಡೆದದ್ದು. ಸುಮಾರು 900 ವರ್ಷಗಳ ಹಿಂದೆ, 1132ರ ಆಸುಪಾಸಿನಲ್ಲಿ, ಆಫ್ರಿಕದ ಟ್ಯುನೀಷಿಯಾ ಕಡೆಯ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿಗೆ ಬಂದು ಹದಿನೇಳು ವರ್ಷದಷ್ಟು ಕಾಲ ಇಲ್ಲಿದ್ದ. ಇಲ್ಲಿಯ ಆಶು ಎಂಬವಳನ್ನು ಮದುವೆಯಾದ. ಕಂಚಿನ ಪಾತ್ರೆಗಳನ್ನು ಮಾಡಿಸುತ್ತಿದ್ದ, ಕಬ್ಬಿಣ, ಕಾಳುಮೆಣಸು ಕಳುಹಿಸುತ್ತಿದ್ದ. ಏಡನ್ ಬಂದರಿನ ಸ್ನೇಹಿತರು ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ ಕಳುಹಿಸುತ್ತಿದ್ದರು. ಆಗ ಇಲ್ಲಿ ಕಾಗದ ಸಿಗುತ್ತಿರಲಿಲ್ಲ, ಓಲೆಗರಿಯ ಕಾಲ. ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದ ಆಳೊಬ್ಬ ಸರಕಿನ ಜೊತೆ ಏಡನ್‌ಗೂ ಹೋಗಿಬಂದಿದ್ದ. ಅವನ ಹೆಸರು ಬೊಮ್ಮ ಎಂದಿರಬೇಕೆಂದು ಲೇಖಕ ಅಮಿತಾವ್ ಘೋಷ್ ಹುಡುಕಿ ಬರೆದಿದ್ದಾರೆ. ಬೊಮ್ಮ! ನಮ್ಮ ಕಡೆಯದೇ ಹೆಸರು.

ಇದೆಲ್ಲ ಹೇಗೆ ತಿಳಿಯಿತು? ಆ ವ್ಯಾಪಾರಿಯ ಪತ್ರಗಳು, ಲೆಕ್ಕದ ಚೀಟಿಗಳು ಕೈರೋದ ಒಂದು ಹಳೆಯ ಯಹೂದಿ ಪ್ರಾರ್ಥನಾ ಮಂದಿರದ ಕೋಣೆಯಲ್ಲಿ ನೂರಾರು ವರ್ಷ ಬಿದ್ದಿದ್ದವು. ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಎಸೆಯಬಾರದೆಂಬುದು ಅವರ ನಂಬಿಕೆ. ಕಾಗದ ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಳ್ಳುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಒಂಬೈನೂರು ವರ್ಷದ ಹಿಂದಿನ ಬಾಕಿ ಲೆಕ್ಕ ಉಳಿದಿರುವುದು ನನ್ನಂಥ ಗುಮಾಸ್ತನಿಗೆ ಯಾವ ಕೋಟೆ ಕೊತ್ತಲಕ್ಕಿಂತ ದೊಡ್ಡದು.

ಬಂದರಿನಿಂದ ಸ್ವಲ್ಪ ಸುತ್ತಾಡಿದರೆ ಮರದ ಕೆತ್ತನೆಯ ಝೀನತ್ ಬಕ್ಷ್ ಮಸೀದಿ, 1568ರಷ್ಟು ಹಿಂದೆ ಸ್ಥಾಪನೆಯಾದ ರೊಸಾರಿಯೊ ಚರ್ಚು, ರಥಬೀದಿಯ ವೆಂಕಟರಮಣ ದೇವಸ್ಥಾನ ಎಲ್ಲ ನಡಿಗೆಯ ದೂರದಲ್ಲೇ ಸಿಗುತ್ತವೆ. ರಥಬೀದಿಗೆ ತಲುಪುವಷ್ಟರಲ್ಲಿ ಹಸಿವಾಗಿರುತ್ತದೆ. ಯಾವುದಾದರೂ ಹಳೆಯ ಹೋಟೆಲಿಗೆ ನುಗ್ಗಿ ಸಜ್ಜಿಗೆ ಬಜಿಲ್ ಕೇಳಿ. ಉಪ್ಪಿಟ್ಟು, ಅವಲಕ್ಕಿ ಎರಡನ್ನೂ ಒಂದೇ ತಟ್ಟೆಯಲ್ಲಿ ಬೆರೆಸಿ ತಿನ್ನುವುದು. ಮಕ್ಕಳಿಗೆ ಬನ್ಸ್. ಇದು ಬೇಕರಿಯ ಬನ್ನಲ್ಲ, ಬಾಳೆಹಣ್ಣು ಹಾಕಿ ಕಲಸಿ ಎಣ್ಣೆಯಲ್ಲಿ ಕರಿದ ಸಿಹಿ ಪೂರಿ. ನೀರ್ ದೋಸೆಗೆ ಚಟ್ನಿಗಿಂತ ತೆಂಗಿನಕಾಯಿ ಬೆಲ್ಲದ ಚೂರ್ಣ ಒಳ್ಳೆಯದು. ಗೋಳಿಬಜೆ ನಾಲ್ಕು ಗಂಟೆಯ ಮೇಲೆ ಮಾತ್ರ, ಬಾಣಲೆಯಿಂದ ತೆಗೆದ ಕೂಡಲೇ. ಆರಿದ ಗೋಳಿಬಜೆ ತಿಂದು ಮಂಗಳೂರಿನ ಹೆಸರು ಕೆಡಿಸಬೇಡಿ. ರಸ್ತೆ ಬದಿಯಲ್ಲಿ "ಬೊಂಡ ಬೇಕಾ?" ಎಂದರೆ ಆಲೂಗಡ್ಡೆಯದೆಂದು ಓಡಬೇಡಿ, ತುಳುವಿನಲ್ಲಿ ಬೊಂಡ ಎಂದರೆ ಎಳನೀರು. ಹೊಟ್ಟೆ ಕೆಟ್ಟವರಿಗೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ಇದಕ್ಕಿಂತ ಒಳ್ಳೆಯ ಔಷಧ ನನಗೆ ಗೊತ್ತಿಲ್ಲ.

ದೋಣಿಯಲ್ಲಿ ಆಚೆ ದಡಕ್ಕೆ

ಸಂಜೆ ನಾಲ್ಕೂವರೆಗೆ ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿ. ಶತ್ರುಗಳ ಹಡಗು ನದಿಯೊಳಗೆ ಬಾರದಂತೆ 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಕರಿಕಲ್ಲಿನ ಕಾವಲು ಬುರುಜು. ದೊಡ್ಡ ಕೋಟೆಯೆಂದು ನಿರೀಕ್ಷಿಸಬೇಡಿ, ಹತ್ತು ನಿಮಿಷದಲ್ಲಿ ನೋಡಿ ಮುಗಿಯುತ್ತದೆ. ಫಿರಂಗಿಯ ಕಿಂಡಿಯಿಂದ ನದಿಯನ್ನು ನೋಡಿದರೆ ಯಾಕೆ ಇಲ್ಲೇ ಕಟ್ಟಿದರೆಂದು ಮಕ್ಕಳಿಗೇ ಹೊಳೆಯುತ್ತದೆ. ನಾನು ನಿಮ್ಮನ್ನು ಕರೆತಂದದ್ದು ಬುರುಜಿಗಿಂತ ಹೆಚ್ಚಾಗಿ ಅದರ ಪಕ್ಕದ ದೋಣಿಗೆ. ಕೆಲವೇ ರೂಪಾಯಿ ಕೊಟ್ಟರೆ ನದಿ ದಾಟಿಸಿ ತಣ್ಣೀರುಬಾವಿಯಲ್ಲಿ ಬಿಡುತ್ತಾರೆ. ಮಳೆಗಾಲದಲ್ಲಿ ನದಿ ಸೊಕ್ಕಿದಾಗ ಓಡಿಸುವುದಿಲ್ಲ, ವಿಚಾರಿಸಿಕೊಂಡು ಹೋಗಿ.

ಕಾರಿನಲ್ಲಿ ಸುತ್ತಿಬಳಸಿ ಬಂದವರಿಗೆ ತಣ್ಣೀರುಬಾವಿ ಇನ್ನೊಂದು ಬೀಚು, ಅಷ್ಟೆ. ದೋಣಿಯಲ್ಲಿ ಬಂದವರಿಗೆ ಭೂಗೋಳದ ಪಾಠ. ಬೆನ್ನಿಗೆ ನದಿ, ಎದುರಿಗೆ ಅರಬ್ಬೀ ಸಮುದ್ರ, ನಡುವೆ ಕೆಲವೇ ನಿಮಿಷ ನಡೆದು ದಾಟಬಹುದಾದ ಮರಳಿನ ಪಟ್ಟಿ. ಎರಡೂ ಕಡೆ ಉಪ್ಪು ನೀರಿರುವಾಗ ನಡುವೆ ತಣ್ಣೀರಿನ ಬಾವಿ ಹೇಗೆ ಎಂದು ಮಕ್ಕಳು ಕೇಳಬೇಕು. ಮಳೆಯ ನೀರು ಮರಳಿನಲ್ಲಿ ಇಂಗಿ, ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆಯೇ ಕೆನೆಯಂತೆ ನಿಲ್ಲುತ್ತದೆ. ಆಳವಾಗಿ ತೋಡದೆ ಹಿತವಾಗಿ ಮೊಗೆದರೆ ಸಿಹಿನೀರು, ಆಸೆಪಟ್ಟು ಜಾಸ್ತಿ ಎಳೆದರೆ ಉಪ್ಪು ಮೇಲೆ ಬರುತ್ತದೆ.

ಇನ್ನು ಸಮುದ್ರ. ಇಲ್ಲಿ ಸ್ವಲ್ಪ ಗಟ್ಟಿಯಾಗಿ ಮಾತಾಡುತ್ತೇನೆ, ಬೇಸರಿಸಬೇಡಿ. ನಮ್ಮ ಊರಿನ ಪತ್ರಿಕೆಗಳಲ್ಲಿ ಸಮುದ್ರಪಾಲಾದವರ ಸುದ್ದಿ ವರ್ಷವೂ ಬರುತ್ತದೆ. ಎಷ್ಟೋ ಸಲ ಅವರು ಪ್ರವಾಸಕ್ಕೆ ಬಂದ ಘಟ್ಟದ ಮೇಲಿನವರು, ಕಾಲೇಜು ಹುಡುಗರು, ಒಬ್ಬನನ್ನು ಎಳೆಯಲು ಹೋದ ಇನ್ನೊಬ್ಬ. ಕೆರೆಯಲ್ಲಿ, ಈಜುಕೊಳದಲ್ಲಿ ಈಜು ಬಲ್ಲವರಿಗೂ ಕಡಲು ಬೇರೆಯೇ.

ಮಕ್ಕಳೇ, ಇದನ್ನು ತಿಳಿದುಕೊಳ್ಳಿ. ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಕ್ಕೆ ಹೋಗಲೇಬೇಕಲ್ಲ? ಅದು ಎಲ್ಲ ಕಡೆಯಲ್ಲೂ ಸಮನಾಗಿ ಹೋಗುವುದಿಲ್ಲ. ನೀರಿನಡಿಯ ಮರಳ ದಿಬ್ಬಗಳ ನಡುವೆ ತಗ್ಗು ಸಿಕ್ಕಲ್ಲಿ ತೋಡಿನ ಹಾಗೆ ಸೇರಿ, ಜೋರಾಗಿ ಹೊರಗೆ ಹರಿಯುತ್ತದೆ. ಮೇಲಿನಿಂದ ನೋಡುವಾಗ ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ, ನೊರೆ ಕಡಿಮೆ, ನೀರು ಶಾಂತವಾಗಿ ಕಾಣುತ್ತದೆ. ತಿಳಿಯದವರು ಅಲೆ ಇಲ್ಲದ ಜಾಗ ಒಳ್ಳೆಯದೆಂದು ಅಲ್ಲೇ ಇಳಿಯುತ್ತಾರೆ. ಅಪಾಯ ಇರುವುದು ಅಲ್ಲೇ. ಅಳಿವೆಯ ಹತ್ತಿರ, ಕಡಲಿಗೆ ಹಾಕಿದ ಕಲ್ಲಿನ ತಡೆಗೋಡೆಗಳ ಹತ್ತಿರ ಸೆಳೆತ ಇನ್ನೂ ಹೆಚ್ಚು. ಸೆಳೆತಕ್ಕೆ ಸಿಕ್ಕಿದವರು ದಡದ ಕಡೆಗೆ ನೇರ ಈಜಲು ಹೋಗಿ ಸೋಲುತ್ತಾರೆ. ಮಲಗಿದ ಹಾಗೆ ತೇಲಿ, ಕೈ ಎತ್ತಿ ಕೂಗಬೇಕು. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಬೇಕು. ತೋಡು ಅಗಲವಿರುವುದಿಲ್ಲ, ಅದರಿಂದ ಹೊರಬಿದ್ದರೆ ಅಲೆಯೇ ದಡಕ್ಕೆ ತರುತ್ತದೆ. ದಡದಲ್ಲಿರುವವರು ನೀರಿಗೆ ಹಾರಬಾರದು. ಜೀವರಕ್ಷಕರನ್ನು ಕರೆಯಿರಿ, ಹಗ್ಗ, ಟ್ಯೂಬು, ಖಾಲಿ ಕ್ಯಾನು, ತೇಲುವ ಏನಾದರೂ ಎಸೆಯಿರಿ, 112ಕ್ಕೆ ಫೋನ್ ಮಾಡಿ. ಸಣ್ಣ ಮಕ್ಕಳಿಗೆ ಮೊಣಕಾಲು ಮಟ್ಟದ ನೀರು ಸಾಕು, ಅದೂ ದೊಡ್ಡವರು ಕೈ ಹಿಡಿದಿದ್ದರೆ. ಸೋಮೇಶ್ವರದ ಬಂಡೆಗಳ ಮೇಲೆ ನಿಂತು ಸೆಲ್ಫಿ ಬೇಡ, ಒದ್ದೆ ಬಂಡೆಗೆ ಪಾಚಿ ಕಟ್ಟಿರುತ್ತದೆ. ಮಳೆಗಾಲದ ನಾಲ್ಕು ತಿಂಗಳು ಯಾವ ಬೀಚಿನಲ್ಲೂ ನೀರಿಗೆ ಇಳಿಯಬೇಡಿ. ಜೀವರಕ್ಷಕರು ಸೀಟಿ ಊದಿದರೆ ಹೊರಗೆ ಬನ್ನಿ, ವಾದ ಬೇಡ. ಅವರಲ್ಲಿ ಹೆಚ್ಚಿನವರು ಕಡಲ ಮಕ್ಕಳು, ನೀರಿನ ಬಣ್ಣ ನೋಡಿಯೇ ಅದರ ಮನಸ್ಸು ತಿಳಿಯುವವರು.

ಮರಳಿನಲ್ಲಿ ಕುಳಿತು ಸೂರ್ಯ ಮುಳುಗುವುದನ್ನು ನೋಡಿ, ಕೊನೆಯ ದೋಣಿ ಎಷ್ಟು ಗಂಟೆಗೆಂದು ಇಳಿಯುವಾಗಲೇ ಕೇಳಿಟ್ಟುಕೊಂಡು, ಹಿಂದಿರುಗಿ.

ಎರಡನೆಯ ದಿನ ಗುಡ್ಡೆಯ ಮೇಲೆ

ಮರುದಿನ ಬೆಳಗ್ಗೆ ಕದ್ರಿಗೆ ಹೋಗಿ. ಮಂಜುನಾಥ ದೇವಸ್ಥಾನದಲ್ಲಿ ಕ್ರಿ.ಶ. 968ರ ಶಾಸನವಿರುವ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಮೂರು ಮುಖ, ಆರು ಕೈ. ಕಂಚಿನಲ್ಲಿ ಅಷ್ಟು ದೊಡ್ಡ, ಅಷ್ಟು ಹಳೆಯ ವಿಗ್ರಹ ಅಪರೂಪ. ಹಿಂದಿನ ಗುಡ್ಡೆಯಲ್ಲಿ ಕೆರೆಗಳ ಸಾಲು, ಗೋಮುಖದಿಂದ ಬೀಳುವ ತಣ್ಣನೆಯ ನೀರು, ಮೇಲೆ ಜೋಗಿಮಠ. ಮಂಡಿನೋವಿನವರು ಕೆಳಗೇ ಕುಳಿತುಕೊಳ್ಳಿ, ಮಕ್ಕಳು ಹತ್ತಿಬರಲಿ.

ಅಲ್ಲಿಂದ ಬಾವುಟಗುಡ್ಡೆ. ಹಳೆಯ ದೀಪಸ್ತಂಭ ಈಗಲೂ ಟಾಗೋರ್ ಪಾರ್ಕಿನಲ್ಲಿದೆ. 1837ರಲ್ಲಿ ಸುಳ್ಯದ ಕಡೆಯಿಂದ ಬಂದ ರೈತ ದಂಡು ಬ್ರಿಟಿಷರ ಬಾವುಟ ಇಳಿಸಿ ತಮ್ಮದನ್ನು ಹಾರಿಸಿದ ಜಾಗ ಇದು, ಅವರ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯನ್ನು 2022ರಲ್ಲಿ ನಿಲ್ಲಿಸಿದ್ದಾರೆ. ಪಕ್ಕದಲ್ಲೇ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್. 1900ರ ಆಸುಪಾಸಿನಲ್ಲಿ ಇಟಲಿಯ ಅಂತೋನಿಯೊ ಮೊಸ್ಕೇನಿ ಎಂಬ ಕಲಾವಿದ ಒಬ್ಬನೇ ಅದರ ಗೋಡೆ, ಮಾಡು ಎಲ್ಲವನ್ನೂ ಚಿತ್ರಗಳಿಂದ ತುಂಬಿಸಿದ. ಗೋಡೆಯ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು. ಅದು ಗಾರೆಯೊಂದಿಗೇ ಒಣಗಿ ಗೋಡೆಯ ಭಾಗವಾಗುತ್ತದೆ. ಒಂದು ದಿನಕ್ಕೆ ಎಷ್ಟು ಬರೆಯಬಲ್ಲನೋ ಅಷ್ಟೇ ಗಾರೆ ಹಚ್ಚಬೇಕು. ತಪ್ಪಿದರೆ ಒರೆಸುವಂತಿಲ್ಲ, ಕೆತ್ತಿ ತೆಗೆಯಬೇಕು. ಕಂಬಗಳ ಮೇಲೆ ಉಬ್ಬುಕೆತ್ತನೆ ಇದೆಯೆಂದು ನಿಮಗೆ ಅನಿಸುತ್ತದೆ. ಹತ್ತಿರ ಹೋಗಿ ಓರೆಯಿಂದ ನೋಡಿ, ಪೂರ್ತಿ ಸಪಾಟು. ನನ್ನ ಮೊಮ್ಮಗಳು ಇದನ್ನು ನಂಬದೆ ಮೂರು ಸಲ ಕಂಬದ ಸುತ್ತ ಬಂದಳು. ಇದು ಪ್ರಾರ್ಥನೆಯ ಜಾಗ, ಮೆಲುದನಿಯಲ್ಲಿ ಮಾತಾಡಿ.

ಗುಡ್ಡೆ ಇಳಿದು ಬಲ್ಮಠಕ್ಕೆ ಬಂದರೆ ನೋಡಲು ಅಂಥದ್ದೇನೂ ಇಲ್ಲ, ನೆನೆಯಲು ತುಂಬ ಇದೆ. ಈಗ ನಿಮ್ಮ ಕೈಯಲ್ಲಿ ಒಂದು ಕನ್ನಡ ವಾರಪತ್ರಿಕೆ ಇದೆಯಲ್ಲ, ಅದರ ಮುತ್ತಜ್ಜ ಹುಟ್ಟಿದ್ದು ಇಲ್ಲಿ. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ "ಮಂಗಳೂರ ಸಮಾಚಾರ"ವನ್ನು ಹೊರತಂದರು. ಕನ್ನಡದ ಮೊದಲ ಪತ್ರಿಕೆ. ಮೊಳೆ ಜೋಡಿಸಿದ್ದಲ್ಲ, ಕಲ್ಲಿನ ಮೇಲೆ ಬರೆದು ಅಚ್ಚೊತ್ತಿದ್ದು. ಮರುವರ್ಷ ಅದು "ಕನ್ನಡ ಸಮಾಚಾರ" ಎಂಬ ಹೆಸರಿನಲ್ಲಿ ಬಳ್ಳಾರಿಗೆ ಹೋಯಿತು. 1894ರಲ್ಲಿ ಕಿಟೆಲ್ಲರ ದೊಡ್ಡ ನಿಘಂಟು, ಸುಮಾರು 70,000 ಪದಗಳದ್ದು, ಅಚ್ಚಾದದ್ದೂ ಮಂಗಳೂರಿನಲ್ಲೇ.

ಇದೇ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನದಿದಡದ ಜೇಡಿಮಣ್ಣು, ಘಟ್ಟದ ಸೌದೆ, ಸಾಗಿಸಲು ಬಂದರು. ಮೂರೂ ಒಂದೇ ಕಡೆ ಸಿಕ್ಕಿದ ಮೇಲೆ ಕೇಳಬೇಕೇ? ಮಂಗಳೂರು ಹಂಚು ಬರ್ಮಾ, ಪೂರ್ವ ಆಫ್ರಿಕ, ಆಸ್ಟ್ರೇಲಿಯದ ಮಾಡುಗಳ ಮೇಲೂ ಕುಳಿತಿತು. ನನ್ನ ಹರೆಯದಲ್ಲಿ ಹೊಳೆಬದಿಯಲ್ಲಿ ಎತ್ತ ನೋಡಿದರೂ ಹಂಚಿನ ಕಾರ್ಖಾನೆಯ ಹೊಗೆಗೊಳವೆ. ಈಗ ಹೆಚ್ಚಿನವು ತಣ್ಣಗಾಗಿವೆ, ಕೆಲವು ಜಾಗದಲ್ಲಿ ಅಪಾರ್ಟ್‌ಮೆಂಟು ಎದ್ದಿದೆ. ಮಕ್ಕಳೇ, ನಿಮ್ಮ ಅಜ್ಜನ ಮನೆಯಲ್ಲಿ ಹಳೆಯ ಹಂಚು ಇದ್ದರೆ ಒಂದನ್ನು ಮಗುಚಿ ನೋಡಿ. ಕೆಳಮೈಯಲ್ಲಿ ಕಾರ್ಖಾನೆಯ ಹೆಸರು, ಕೆಲವೊಮ್ಮೆ ಇಸವಿ, ಆನೆಯದೋ ನಕ್ಷತ್ರದ್ದೋ ಗುರುತು ಒತ್ತಿರುತ್ತದೆ. ಊರೂರಿನಿಂದ ಹೀಗೆ ಓದಿ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟರೆ ಒಳ್ಳೆಯ ಸಂಗ್ರಹವಾಗುತ್ತದೆ. ಮನೆ ಕೆಡವುವ ಮೊದಲೇ ಮಾಡಬೇಕು, ಆಮೇಲೆ ಸಿಗುವುದಿಲ್ಲ.

ಸರಕು ಇದ್ದಲ್ಲಿ ಹಣ, ಹಣ ಇದ್ದಲ್ಲಿ ಬ್ಯಾಂಕು. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಇಲ್ಲಿ ಕೆನರಾ ಬ್ಯಾಂಕನ್ನೂ, ಅದೇ ವರ್ಷ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕನ್ನೂ ಹುಟ್ಟುಹಾಕಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಒಂದೇ ಜಿಲ್ಲೆಯಿಂದ ಐದು! ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಕಟ್ಟಿಸಿಕೊಳ್ಳುವ ಪಿಗ್ಮಿ ಠೇವಣಿ 1928ರಲ್ಲಿ ಈ ನೆಲದಲ್ಲೇ ಶುರುವಾಯಿತು. 2019, 2020ರ ವಿಲೀನಗಳ ಮೇಲೆ ಐದರಲ್ಲಿ ಮೂರು ಹೆಸರು ಬೋರ್ಡಿನಲ್ಲಿಲ್ಲ. ನಾನು ದುಡಿದ ಬ್ಯಾಂಕಿನದೂ ಆ ಮೂರರಲ್ಲಿ ಒಂದು. ಪಿಂಚಣಿ ತಿಂಗಳು ತಿಂಗಳು ಸರಿಯಾಗಿ ಬರುತ್ತದೆ, ದೂರುವಂತಿಲ್ಲ. ಆದರೂ ಹಳೆಯ ಶಾಖೆಯ ಎದುರು ಹಾದುಹೋಗುವಾಗ ಕಣ್ಣು ಬೋರ್ಡಿನ ಕಡೆಗೆ ಹೋಗುತ್ತದೆ.

ಸಂಜೆ ಪಣಂಬೂರು. ಹಳೆ ಬಂದರಿನ ಅಳಿವೆಯಲ್ಲಿ ಮರಳು ತುಂಬಿ ದೊಡ್ಡ ಹಡಗು ಒಳಗೆ ಬರಲಾರದು, ಹೊರಗೆ ಕಡಲಲ್ಲಿ ನಿಂತು ದೋಣಿಗಳಿಗೆ ಸರಕು ದಾಟಿಸಬೇಕಿತ್ತು. ಆದ್ದರಿಂದ ಇಲ್ಲಿ ನೆಲವನ್ನೇ ಅಗೆದು ಕಡಲನ್ನು ಒಳಗೆ ಕರೆದರು. ನವಮಂಗಳೂರು ಬಂದರು 1974ರಲ್ಲಿ ದೇಶದ ಒಂಬತ್ತನೆಯ ಪ್ರಮುಖ ಬಂದರಾಯಿತು, 1975ರ ಜನವರಿಯಲ್ಲಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ಪಾಸಿಲ್ಲದೆ ಒಳಗೆ ಬಿಡುವುದಿಲ್ಲ. ಬೇಕಾಗಿಯೂ ಇಲ್ಲ. ಪಣಂಬೂರು ಬೀಚಿನಲ್ಲಿ ಕುಳಿತರೆ ಸರದಿಗೆ ಕಾಯುವ ಹಡಗುಗಳು ಕಾಣುತ್ತವೆ. ಕತ್ತಲಾಗುತ್ತಿದ್ದಂತೆ ಒಂದೊಂದೇ ದೀಪ ಹೊತ್ತಿಕೊಳ್ಳುತ್ತದೆ.

ಇನ್ನೂ ಇದೆ. ಪಿಲಿಕುಳದ ಮೃಗಾಲಯ, ತಾರಾಲಯಕ್ಕೆ ಅರ್ಧ ದಿನ ಬೇರೆಯೇ ಬೇಕು, ರಜೆಯ ದಿನ ವಿಚಾರಿಸಿ ಹೋಗಿ. ನವೆಂಬರಿನಿಂದ ಮೇ ತನಕ ಯಾವುದಾದರೊಂದು ಬಯಲಲ್ಲಿ ಯಕ್ಷಗಾನ ಇದ್ದೇ ಇರುತ್ತದೆ, ಟಿಕೆಟಿಲ್ಲ, ಹೋಗಿ ಕುಳಿತರಾಯಿತು. ದಸರೆಗೆ ಬಂದರೆ ಕುದ್ರೋಳಿಯ ದೀಪಾಲಂಕಾರ, ಬೀದಿಯಲ್ಲಿ ಹುಲಿವೇಷ.

ಎರಡು ತುಳು ಮಾತು ಕಲಿತು ಬನ್ನಿ. "ಏತ್?" ಎಂದರೆ ಎಷ್ಟು. "ಎಂಚ ಉಲ್ಲರ್?" ಎಂದರೆ ಹೇಗಿದ್ದೀರಿ. ರಿಕ್ಷಾದವರ ಹತ್ತಿರ ಎರಡನೆಯದನ್ನು ಮೊದಲು ಕೇಳಿ, ಮೊದಲನೆಯದನ್ನು ಆಮೇಲೆ.

ಹೊರಡುವ ದಿನ ರಥಬೀದಿಯ ಹೂವಿನ ಸಾಲಿಗೆ ಹೋಗಿ ಮಲ್ಲಿಗೆ ಕೊಳ್ಳಿ. ಇಲ್ಲಿ ಮೊಳದ ಲೆಕ್ಕವಿಲ್ಲ, ಚೆಂಡಿನ ಲೆಕ್ಕ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನಕ್ಕೊಂದು, ಮದುವೆಯ ಮುಹೂರ್ತವಿದ್ದರೆ ಕೇಳುವುದೇ ಬೇಡ. ಬಾಳೆನಾರಿನಲ್ಲಿ ಕಟ್ಟಿದ್ದನ್ನು ಬಾಳೆಎಲೆಯಲ್ಲಿ ಸುತ್ತಿಸಿಕೊಂಡು, ಪ್ಲಾಸ್ಟಿಕ್ ಚೀಲಕ್ಕೆ ಹಾಕದೆ ಕಿಟಕಿಯ ಬದಿಯಲ್ಲಿ ತೂಗುಹಾಕಿ. ರಾತ್ರಿ ರೈಲಿನಲ್ಲಿ ಬೆಂಗಳೂರು ತಲುಪುವ ತನಕ ಬಾಡುವುದಿಲ್ಲ.